ಮೂಲೆಮನೆ ಮುಂದಿನ ಮರ

ಏಪ್ರಿಲ್ ತಿಂಗಳು, ಬೆಳಗಿನ ಆರೂವರೆ. ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆ. ಬಿಸಿಲು ಇನ್ನೂ ತಾರಸಿಗಳಿಂದ ಕೆಳಗಿಳಿದಿಲ್ಲ. ಹಾಲಿನ ಪ್ಯಾಕೆಟ್ ಹಿಡಿದು ನೀವು ಮನೆ ಕಡೆ ಹೊರಟಿದ್ದೀರಿ. ಮೂಲೆಮನೆ ದಾಟುವಾಗ ಚಪ್ಪಲಿಯಡಿ ಚರಚರ ಸದ್ದು. ಬಗ್ಗಿ ನೋಡಿದರೆ ನೆಲದ ತುಂಬ ದುಂಡನೆಯ ಒಣ ಬಿಲ್ಲೆಗಳು. ಐದು ರೂಪಾಯಿ ನಾಣ್ಯದಷ್ಟು ಅಗಲ, ಮುಟ್ಟಿದರೆ ಹರಿಯುವಷ್ಟು ತೆಳು. ಚರಂಡಿ ಚಪ್ಪಡಿಯ ಸಂದಿಯಲ್ಲಿ, ಸ್ಕೂಟರಿನ ಸೀಟಿನ ಮೇಲೆ, ಗೇಟಿನ ಮುಂದಿನ ರಂಗೋಲಿಯ ಮೇಲೂ ಅವೇ. ಗಾಳಿ ಬೀಸಿದಾಗ ಇನ್ನೊಂದಿಷ್ಟು ಉದುರುತ್ತವೆ.

ತಲೆಯೆತ್ತುತ್ತೀರಿ. ಮೂರು ಮಹಡಿ ಮನೆಗಿಂತ ಎತ್ತರದ ಮರ. ಬೂದು ಬಣ್ಣದ ಕಾಂಡ. ಹೊಸದಾಗಿ ಬಂದ ತಿಳಿಹಸಿರು ಎಲೆ, ಅದರ ನಡುವೆ ಕಂದುಬಣ್ಣಕ್ಕೆ ತಿರುಗಿದ ಬಿಲ್ಲೆಗಳ ಗೊಂಚಲು. ದಿನವೂ ಇದರ ಕೆಳಗೇ ಓಡಾಡುತ್ತೀರಿ, ಹೆಸರು ಮಾತ್ರ ಗೊತ್ತಿಲ್ಲ.

ಮನೆ ಯಜಮಾನರು ಕಾಂಪೌಂಡಿನ ಒಳಗೆ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಾರೆ. ನಿವೃತ್ತರು, ಮಾತಿಗೆ ಪುರಸೊತ್ತು ಇರುವವರು.

"ಏನ್ ಸಾರ್, ಬೆಳಗ್ಗೆ ಬೆಳಗ್ಗೇನೇ ನಮ್ ಮರ ನೋಡ್ತಾ ನಿಂತ್ಬಿಟ್ರಿ?"

"ಇದು ಯಾವ ಮರ ಸಾರ್?"

"ಹೊಂಗೆ ಅಲ್ವಾ! ಸೈಟ್ ತಗೊಂಡಾಗಿನಿಂದ ನೋಡ್ತಾ ಇದೀನಿ."

ಅಷ್ಟು ಧೈರ್ಯವಾಗಿ ಹೇಳಿದ ಮೇಲೆ ಎದುರಾಡುವುದು ಕಷ್ಟ. ಜೇಬಿನಿಂದ ಫೋನ್ ತೆಗೆದು ಎಲೆಗಳ ಫೋಟೊ ಹೊಡೆಯುತ್ತೀರಿ. ಗಿಡ ಗುರುತಿಸುವ ಆ್ಯಪ್ ನಾಲ್ಕು ಹೆಸರು ಮುಂದಿಡುತ್ತದೆ, ಮೊದಲನೆಯದು ಹೊಂಗೆಯೇ. ಎಲೆಯ ಹೊರನೋಟ ನಿಜಕ್ಕೂ ಹಾಗೇ ಇದೆ: ಅಂಗೈಯುದ್ದ, ಮೊಟ್ಟೆಯಾಕಾರ, ನುಣುಪು ಅಂಚು, ಚೂಪಾದ ತುದಿ. ಆದರೆ ಹೊಂಗೆಯ ಕಾಯಿ ನಿಮಗೆ ಗೊತ್ತು. ದಪ್ಪ ಸಿಪ್ಪೆಯ ಗಟ್ಟಿ ಕಾಯಿ, ಒಡೆದರೆ ಒಳಗೊಂದು ಎಣ್ಣೆಬೀಜ. ಕೈಯಲ್ಲಿರುವ ಈ ಬಿಲ್ಲೆಗೂ ಅದಕ್ಕೂ ಎಲ್ಲಿಯ ಸಂಬಂಧ?

ಹಾಗಾದರೆ ಹೆಸರಿನ ಗೊಡವೆ ಸದ್ಯಕ್ಕೆ ಬೇಡ. ಗಿಡ ಗುರುತಿಸುವವರು ಕೊನೆಗೆ ಹೇಳುವ ಮಾತು ಹೆಸರು. ಅಲ್ಲಿಯವರೆಗೆ ಅವರು ಮಾಡುವುದೆಲ್ಲ ಇದಲ್ಲ, ಇದಲ್ಲ ಎಂದು ಒಂದೊಂದನ್ನೇ ಪಕ್ಕಕ್ಕಿಡುವ ಕೆಲಸ. ಸಲ್ಡಾನ ಮತ್ತು ನಿಕೋಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಗಳ ದಪ್ಪ ಗ್ರಂಥವನ್ನು ತೆರೆದರೂ ಈ ಕ್ರಮವೇ ಸಿಗುತ್ತದೆ. ಎಲೆ ಒಂಟಿಯೋ, ಕೂಡಿದ್ದೋ? ಒಂಟಿಯಾದರೆ ಎದುರುಬದುರೋ, ಒಂದಾದ ಮೇಲೊಂದೋ? ಪ್ರತಿ ಕವಲಿನಲ್ಲೂ ಎರಡೇ ದಾರಿ. ಒಂದನ್ನು ಹಿಡಿದರೆ ಇನ್ನೊಂದರಲ್ಲಿದ್ದ ಮರಗಳೆಲ್ಲ ಲೆಕ್ಕದಿಂದ ಹೊರಗೆ.

ನೆಲದ ಮೇಲೆ ಬಿದ್ದ ಎಲೆಯನ್ನು ನಂಬಬೇಡಿ, ಅದು ಅರ್ಧ ಸಾಕ್ಷಿ ಮಾತ್ರ. ಹೊಂಗೆ, ಬೇವು, ಮಹಾಗನಿಗಳಲ್ಲಿ ನಾವು ಎಲೆ ಎಂದು ಹೆಕ್ಕಿಕೊಳ್ಳುವುದು ಬಹುಪಾಲು ಕಿರುಎಲೆ, ದೊಡ್ಡ ಎಲೆಯ ಒಂದು ತುಂಡು. ಇಡೀ ಎಲೆ ನೋಡಬೇಕಾದರೆ ಕೊಂಬೆಗೇ ಕೈಹಾಕಬೇಕು. ಗೇಟಿನ ಪಕ್ಕ ಒಂದು ಕೊಂಬೆ ತಲೆಮಟ್ಟಕ್ಕೆ ಜೋತುಬಿದ್ದಿದೆ. ಹಾಲಿನ ಪ್ಯಾಕೆಟ್ಟನ್ನು ಕಾಂಪೌಂಡಿನ ಮೇಲಿಟ್ಟು ಅದನ್ನು ಮೆಲ್ಲಗೆ ಬಗ್ಗಿಸುತ್ತೀರಿ.

ಕಡ್ಡಿಯ ಎಡಕ್ಕೊಂದು ಎಲೆ, ಸ್ವಲ್ಪ ಮುಂದೆ ಬಲಕ್ಕೊಂದು, ಮತ್ತೆ ಎಡಕ್ಕೆ. ಎರಡು ಸಾಲೂ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಹರಡಿವೆ. ನೋಡಿದ ತಕ್ಷಣ ಇದು ಕೂಡೆಲೆಯೇ, ಒಂದು ದಂಟಿಗೆ ಹತ್ತು ಕಿರುಎಲೆ ಎನ್ನಿಸುತ್ತದೆ. ಯಜಮಾನರು ಕಾಂಪೌಂಡಿನ ಮೇಲಿಂದ ಬಗ್ಗಿ "ನೋಡಿದ್ರಾ, ಹೊಂಗೆ ಹಂಗೇ ಸಾಲಾಗಿದೆ" ಎನ್ನುತ್ತಾರೆ.

ಈಗ ಎಲೆಯ ಅಗಲ ಹರವನ್ನು ಬಿಟ್ಟು ಅದರ ತೊಟ್ಟು ಕಡ್ಡಿಗೆ ಸೇರುವ ಮೂಲೆಗೆ ಕಣ್ಣು ಇಳಿಸಿ. ಮೊಮ್ಮಗಳ ಶಾಲಾ ಪೆಟ್ಟಿಗೆಯಿಂದ ಬಂದ ಪುಟ್ಟ ಭೂತಗನ್ನಡಿ ನಿಮ್ಮ ಕೀಲಿಗೊಂಚಲಲ್ಲಿ ನೇತಾಡುತ್ತಿದೆ, ತೆಗೆಯಿರಿ. ತೊಟ್ಟು ಗಿಡ್ಡ, ಒಂದು ಸೆಂಟಿಮೀಟರ್ ಆಸುಪಾಸು. ಅದು ಕಡ್ಡಿಗೆ ಅಂಟುವ ಜಾಗದ ಮೇಲ್ಬದಿಯ ಕಂಕುಳಲ್ಲಿ ಏನೋ ಉಬ್ಬಿಕೊಂಡಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದು, ಮೇಲೆ ಕಂದು ಹೊದಿಕೆ. ಪಕ್ಕದ ಎಲೆ ನೋಡುತ್ತೀರಿ, ಅಲ್ಲೂ ಇದೆ. ಅದರಾಚೆಯದರಲ್ಲೂ ಇದೆ.

ಅದು ಮೊಗ್ಗು, ಮುಂದೆ ಕೊಂಬೆಯಾಗುವಂಥದ್ದು. ಮರಗಳ ಮಟ್ಟಿಗೆ ಇದು ಕಟ್ಟುನಿಟ್ಟಿನ ಕಾನೂನು: ಪೂರ್ತಿ ಎಲೆಯ ಕಂಕುಳಲ್ಲಿ ಮೊಗ್ಗು ಇರುತ್ತದೆ, ಕಿರುಎಲೆಯ ಕಂಕುಳಲ್ಲಿ ಇರುವುದಿಲ್ಲ. ಹೊಂಗೆಯ ದಂಟನ್ನು ಹಿಡಿದು ನೋಡಿದರೆ ಅದರ ಐದೋ ಏಳೋ ಕಿರುಎಲೆಗಳ ಬುಡದಲ್ಲಿ ಏನೂ ಕಾಣದು. ದಂಟು ಕಡ್ಡಿಗೆ ಸೇರುವ ಬುಡದಲ್ಲಿ ಮಾತ್ರ ಒಂದೇ ಒಂದು ಮೊಗ್ಗು. ಅಲ್ಲಿಗೆ ಆ ಕಿರುಎಲೆಗಳೆಲ್ಲ ಸೇರಿ ಒಂದು ಎಲೆ ಎಂದಾಯಿತು. ಈ ಮರದಲ್ಲಿ ಪ್ರತಿ ಎಲೆಗೂ ತನ್ನದೇ ಮೊಗ್ಗಿದೆ, ಹಾಗಾಗಿ ಪ್ರತಿಯೊಂದೂ ಸ್ವತಂತ್ರ ಎಲೆ. ತುದಿಯನ್ನೂ ನೋಡಿಬಿಡಿ. ಹೊಂಗೆಯ ದಂಟು ಒಂದು ಒಂಟಿ ಕಿರುಎಲೆಯಲ್ಲಿ ಮುಗಿಯುತ್ತದೆ. ಇಲ್ಲಿ ಕಡ್ಡಿಯ ತುದಿಯಲ್ಲಿ ಎಳೆ ಚಿಗುರು, ಇನ್ನೂ ಬೆಳೆಯುವ ತರಾತುರಿಯಲ್ಲಿದೆ.

ಹೋಲಿಸಲು ದೂರ ಹೋಗಬೇಕಿಲ್ಲ. ಮೂರು ಮನೆ ಆಚೆ ನಿಜವಾದ ಹೊಂಗೆ ನಿಂತಿದೆ. ಯುಗಾದಿ ಹೊತ್ತಿನ ಅದರ ಹೂವು ನೆಲದ ಮೇಲೆ ಅರಳು ಚೆಲ್ಲಿದಂತೆ ಬಿದ್ದಿದೆ. ಅಲ್ಲಿಂದ ಒಂದು ಎಲೆ ಕಿತ್ತು ತಂದು ಯಜಮಾನರ ಕೈಯಲ್ಲಿ ಎರಡನ್ನೂ ಇಡುತ್ತೀರಿ. ಅವರು ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ಇಸಿದುಕೊಂಡು, ಹೊಂಗೆಯ ಕಿರುಎಲೆಗಳ ಬುಡವನ್ನು ಒಂದೊಂದಾಗಿ ತಡಕುತ್ತಾರೆ.

"ಇದರಲ್ಲಿ ಇಲ್ಲ... ಅದರಲ್ಲಿ ಎಲ್ಲಾದಕ್ಕೂ ಇದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಇದೇನ್ ಮರ?"

ಹೊಂಗೆ ಹೋಯಿತು. ಅದರ ಜೊತೆ ಕೂಡೆಲೆಯ ದೊಡ್ಡ ಬಳಗವೂ ಹೋಯಿತು: ಗುಲ್‌ಮೊಹರ್, ಜಕರಂಡ, ಮಹಾಗನಿ, ಮಳೆಮರ, ಬೇವು. ನಮ್ಮ ಊರುಗಳ ಬೀದಿಮರಗಳಲ್ಲಿ ಕೂಡೆಲೆಯವೇ ಬೇಕಾದಷ್ಟಿರುವುದರಿಂದ ಈ ಒಂದು ಮೊಗ್ಗು ಮಾಡಿಕೊಟ್ಟ ಕೆಲಸ ಸಣ್ಣದಲ್ಲ.

ಮುಂದಿನ ಪ್ರಶ್ನೆ ಹಾಲಿನದು. ಎಲೆಯ ತೊಟ್ಟನ್ನು ಚಟಕ್ಕೆಂದು ಮುರಿದು ನೋಡುತ್ತೀರಿ. ಬಿಳಿ ಹಾಲು ಬರುವುದಿಲ್ಲ. ಬಂದಿದ್ದರೆ ಆಲ, ಅತ್ತಿ, ಅರಳಿ, ಹಲಸಿನ ಕಡೆ ಹೊರಳಬೇಕಿತ್ತು, ಕೈಯನ್ನೂ ತಕ್ಷಣ ಒರೆಸಿಕೊಳ್ಳಬೇಕಿತ್ತು. ಕೆಲವು ಮರಗಳ ಹಾಲು ಚರ್ಮಕ್ಕೆ ಒಗ್ಗುವುದಿಲ್ಲ, ಕಣ್ಣಿಗೆ ಬಿದ್ದರೆ ಇನ್ನೂ ಪೀಕಲಾಟ. ಗುರುತಿಲ್ಲದ ಮರದ ಯಾವ ಭಾಗವನ್ನೂ ನಾಲಿಗೆಗೆ ತಾಕಿಸಬಾರದು ಎನ್ನುವುದೂ ಈ ಕೆಲಸದ ಮೊದಲ ಪಾಠ. ಮೂಸಿ ನೋಡಲು ಅಡ್ಡಿಯಿಲ್ಲ.

ಎಲೆಯೊಂದನ್ನು ಅಂಗೈಯಲ್ಲಿ ಹಾಕಿ ಹೊಸಕಿ ಮೂಗಿನ ಬಳಿ ಹಿಡಿಯುತ್ತೀರಿ. ಹಿಡಿದಷ್ಟೇ ಬೇಗ ದೂರ ಒಯ್ಯುತ್ತೀರಿ. ಹಸಿರುವಾಸನೆಯ ಬೆನ್ನಿಗೇ ಹಳಸಿದ, ಒಗರು ನಾತ. ಯಜಮಾನರೂ ಮೂಸಿ ಮುಖ ಕಿವುಚುತ್ತಾರೆ. ಈ ನಾತವೂ ಒಂದು ದಾಖಲೆ. ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡು ಎಲೆಯನ್ನು ಬಿಸಿಲಿಗೆ ಹಿಡಿಯಿರಿ. ನಡುನರದ ಎರಡೂ ಕಡೆ ಐದಾರು ಜೊತೆ ಪಕ್ಕದ ನರಗಳು ಬಾಗಿ ಮೇಲೇರಿವೆ. ಬುಡ ದುಂಡಗಿದೆ, ಕೆಲವು ಎಲೆಗಳಲ್ಲಿ ನಡುವೆ ಸ್ವಲ್ಪ ಒಳಸರಿದಿದೆ. ಅಂಚಿನಲ್ಲಿ ಹಲ್ಲುಗಳಿಲ್ಲ.

ಎಲೆಯಿಂದ ಸಿಗುವುದು ಇಷ್ಟೇ. ಒಂಟಿ ಎಲೆ, ಒಂದಾದ ಮೇಲೊಂದು ಜೋಡಣೆ, ಎರಡು ಸಾಲು, ಹಾಲಿಲ್ಲ, ನಾತವಿದೆ. ಅನುಮಾನಿತರ ಪಟ್ಟಿ ಚಿಕ್ಕದಾಗಿದೆ, ತೀರ್ಪು ಬಂದಿಲ್ಲ. ಎಲೆ ಮರಕ್ಕೆ ಹೊಟ್ಟೆಪಾಡು. ಬಿಸಿಲು, ನೀರು, ಗಾಳಿಗೆ ತಕ್ಕಂತೆ ಅದರ ಅಳತೆ ಬದಲಾಗುತ್ತದೆ, ಒಂದೇ ಮರದ ನೆರಳಿನ ಎಲೆ ಬಿಸಿಲಿನ ಎಲೆಗಿಂತ ಅಗಲವಾಗುತ್ತದೆ. ಹೂವೂ ಕಾಯಿಯೂ ಹಾಗೆ ಸುಲಭಕ್ಕೆ ವೇಷ ಬದಲಿಸುವುದಿಲ್ಲ. ಸಸ್ಯಶಾಸ್ತ್ರ ಮರಗಳನ್ನು ಕುಟುಂಬಗಳಾಗಿ ವಿಂಗಡಿಸುವಾಗ ಹೂವು ಕಾಯಿಗಳಿಗೆ ಹೆಚ್ಚು ತೂಕ ಕೊಡುವುದು ಇದೇ ಕಾರಣಕ್ಕೆ. ಆದ್ದರಿಂದ ಈಗ ನೆಲಕ್ಕೆ ಬನ್ನಿ, ಬಿಲ್ಲೆಗೆ ಬನ್ನಿ.

ಒಂದನ್ನು ಎತ್ತಿ ಅಂಗೈ ಮೇಲಿಡುತ್ತೀರಿ. ಉಸಿರು ತಾಕಿದರೆ ಹಾರಿಹೋಗುವಷ್ಟು ಹಗುರ. ನಡುವೆ ಚಪ್ಪಟೆಯಾದ ಉಬ್ಬು, ಸುತ್ತಲೂ ಪೊರೆಯಂಥ ರೆಕ್ಕೆ, ಆ ರೆಕ್ಕೆಯ ತುಂಬ ನಡುವಿನಿಂದ ಅಂಚಿಗೆ ಹರಿದ ನರಗಳ ಬಲೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಬದಿಯಲ್ಲಿ ದುಂಡು ತುಂಡಾಗಿದೆ. ಅಲ್ಲೊಂದು ಸಣ್ಣ ಕಚ್ಚು, ಕಚ್ಚಿನ ಎರಡೂ ಅಂಚಿಗೆ ಪುಟ್ಟ ಕೊಂಬಿನಂಥ ಎರಡು ಚುಂಚು. ಅದರ ನೇರ ಎದುರು ಬದಿಯಲ್ಲಿ ಕೂದಲೆಳೆಯಷ್ಟು ಸಪೂರವಾದ ತೊಟ್ಟು.

ತೊಟ್ಟು! ಬಿಲ್ಲೆಯನ್ನು ಕೈಯಲ್ಲೇ ಹಿಡಿದು ಸ್ವಲ್ಪ ನಿಲ್ಲಿ. ರೆಕ್ಕೆಬೀಜ ಹಾರಿಸುವ ಮರಗಳು ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟಿವೆ. ಜಕರಂಡದ ಚಪ್ಪಟೆ ಗಟ್ಟಿ ಕಾಯಿ ಬಾಯಿಬಿಟ್ಟಾಗ ಪೊರೆರೆಕ್ಕೆಯ ಸಣ್ಣ ಬೀಜಗಳು ಹೊರಬೀಳುತ್ತವೆ. ನೀರುಕಾಯಿ ಮರದ ಉದ್ದ ಕೋಡು ಬಿರಿದರೂ ಹಾಗೇ ಪಾರದರ್ಶಕ ರೆಕ್ಕೆಯ ಬೀಜಗಳ ಹಿಂಡು ಹಾರುತ್ತದೆ. ಮಹಾಗನಿಯ ಮರದಂಥ ಕಾಯಿಯಿಂದ ಕಂದು ರೆಕ್ಕೆಯವು ಇಳಿಯುತ್ತವೆ. ಇವೆಲ್ಲ ಕಾಯಿಯ ಒಳಗೆ ಬೆಳೆದು, ಕಾಯಿ ಒಡೆದ ಮೇಲೆ ಹೊರಬಂದ ಬೀಜಗಳು. ಬೀಜಕ್ಕೆ ಗೊಂಚಲಿನಿಂದ ನೇತಾಡುವ ಈ ಬಗೆಯ ತೊಟ್ಟು ಇರದು, ತುದಿಯಲ್ಲಿ ಹೂವಿನ ಶಲಾಕೆಯ ಗುರುತೂ ಇರದು. ಇಲ್ಲಿ ಎರಡೂ ಇವೆ. ಕಚ್ಚಿನಲ್ಲಿರುವ ಆ ಎರಡು ಚುಂಚು ಹೂವು ಪರಾಗ ಹಿಡಿಯುತ್ತಿದ್ದ ಭಾಗದ ಪಳೆಯುಳಿಕೆ. ಅಂದರೆ ನಿಮ್ಮ ಅಂಗೈಯಲ್ಲಿರುವುದು ಬರೀ ಬೀಜವಲ್ಲ, ಇಡೀ ಕಾಯಿ. ಕಾಯಿಯೇ ರೆಕ್ಕೆ ಕಟ್ಟಿಕೊಂಡು ಹಾರಿದೆ.

ಅಂಚನ್ನು ಉಗುರಿನಿಂದ ಸೀಳಿ. ಒಣ ಪೊರೆ ಎರಡು ಪದರವಾಗಿ ಬಿಡುತ್ತದೆ, ನಡುವಿನ ಉಬ್ಬಿನಿಂದ ಒಂದೇ ಒಂದು ಚಪ್ಪಟೆ ಬೀಜ ಜಾರುತ್ತದೆ. ಇನ್ನೊಂದು ಬಿಲ್ಲೆಯನ್ನು ಮೇಲಕ್ಕೆ ತೂರಿ. ಮಹಾಗನಿ ಬೀಜವಾಗಿದ್ದರೆ ಭಾರವೆಲ್ಲ ಒಂದು ತುದಿಯಲ್ಲಿದ್ದು ಗಿರಗಿರ ತಿರುಗುತ್ತ ಇಳಿಯಬೇಕಿತ್ತು. ಇದಕ್ಕೆ ಭಾರ ನಟ್ಟನಡುವೆ. ಹಾಗಾಗಿ ಹೊರಳುತ್ತ, ಓಲಾಡುತ್ತ, ಅಡ್ಡಾದಿಡ್ಡಿ ಬರುತ್ತದೆ. ನೆಲಕ್ಕೆ ಬಿದ್ದ ಮೇಲೂ ಪ್ರಯಾಣ ಮುಗಿದಿಲ್ಲ, ಹಾದುಹೋದ ಆಟೋ ಎಬ್ಬಿಸಿದ ಗಾಳಿಗೆ ಅಂಚಿನ ಮೇಲೆ ಉರುಳುತ್ತ ಚರಂಡಿವರೆಗೆ ಹೋಗುತ್ತದೆ.

ಸುತ್ತ ರೆಕ್ಕೆಯಿರುವ ದುಂಡು ಕಾಯಿ, ಒಂದೇ ಬೀಜ. ನಮ್ಮ ಕಾಡುಗಳ ಮರಗಳಲ್ಲಿ ಇದಕ್ಕೆ ಹೊಂದುವ ಹೆಸರು ಬೆರಳೆಣಿಕೆಯವು. ಮತ್ತಿಯ ಕಾಯಿಗೆ ಐದು ರೆಕ್ಕೆ. ದೊಡ್ಡಬೇವಿನ ಕಾಯಿ ಉದ್ದನೆಯ ರೆಕ್ಕೆಯದು, ಬೀಜ ನಡುವೆ. ದುಂಡಗೆ ಸುತ್ತುರೆಕ್ಕೆ ಎಂದರೆ ಮೊದಲು ನೆನಪಾಗುವುದು ಹೊನ್ನೆ. ಆದರೆ ಹೊನ್ನೆಯ ಕಾಯಿಯ ನಡುಭಾಗ ಒತ್ತಿದರೆ ಬಗ್ಗದಷ್ಟು ಗಟ್ಟಿ, ಅದರ ಚುಂಚು ಪಕ್ಕಕ್ಕೆ ವಾಲಿರುತ್ತದೆ, ಎಲೆಯೂ ಕೂಡೆಲೆ. ಮೊಗ್ಗಿನ ಸಾಕ್ಷಿ ಅದನ್ನು ಆಗಲೇ ಹೊರಗಿಟ್ಟಿದೆ. ಉಳಿಯುವುದು ಒಂದೇ.

ತಪಸಿ. ಕೆಲವು ಕಡೆ ರಾಹುಬೀಜ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದ ದಾಖಲೆಯಲ್ಲಿ ಹೋಲಾಪ್ಟೀಲಿಯ ಇಂಟೆಗ್ರಿಫೋಲಿಯ. ಯೂರೋಪು, ಅಮೆರಿಕದ ಊರುಗಳಲ್ಲಿ ಸಾಲುಮರಗಳಾಗಿ ಹೆಸರಾಗಿದ್ದ ಎಲ್ಮ್ ಮರಗಳ ಕುಟುಂಬದ್ದು. ಕೋರಮಂಡಲ ತೀರದ ಗಿಡಮರಗಳನ್ನು ದಾಖಲಿಸಿದ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಎಲ್ಮ್‌ಗಳ ಜೊತೆಗೇ ಸೇರಿಸಿದ್ದ. 1848ರಲ್ಲಿ ಫ್ರಾನ್ಸಿನ ಪ್ಲಾಂಶೋನ್ ಇದಕ್ಕೆಂದೇ ಬೇರೆ ಕುಲ ಮಾಡಿದ. ಎರಡು ಸಾಲಿನ ಎಲೆ, ರೆಕ್ಕೆಕಾಯಿ ಎರಡೂ ಎಲ್ಮ್ ಮನೆತನದ ಲಕ್ಷಣಗಳೇ. ಹೊಸಕಿದ ಎಲೆಯ ನಾತ ಮಾತ್ರ ತಪಸಿಯ ಸ್ವಂತ ಸಹಿ.

ಹೆಸರು ಸಿಕ್ಕಿದ ಮೇಲೆ ತಾಳೆ ನೋಡುವುದು ಸುಲಭ. ಕಾಂಡದ ಬಳಿ ಹೋಗಿ ಕೈಯಾಡಿಸಿ. ಬೂದು ತೊಗಟೆಯ ಮೇಲೆ ಅಲ್ಲಲ್ಲಿ ಗುಳ್ಳೆಯಂಥ ಗಂಟುಗಳು, ಹಳೆಯ ಭಾಗದಲ್ಲಿ ಬೆಂಡಿನಂಥ ಹಳುಕುಗಳು ಕೀಳುತ್ತಿವೆ. ಸರಿಯಿದೆ. ಕಾಂಪೌಂಡಿನ ಬುಡದ ಬಿರುಕಿನಲ್ಲಿ ಕಳೆದ ಮಳೆಗೆ ಹುಟ್ಟಿದ ಮೊಣಕಾಲೆತ್ತರದ ಸಸಿಯೊಂದಿದೆ. ಅದರ ಎಲೆಯ ಅಂಚು ನೋಡಿದರೆ ಗರಗಸದ ಹಲ್ಲು! ಬೇರೆ ಗಿಡವೇ? ಒಂದು ಎಲೆ ಹೊಸಕಿ ನೋಡಿ. ಅದೇ ನಾತ. ತಪಸಿಯ ಎಳೆಸಸಿಗಳಿಗೂ ಕಡಿದ ಬುಡದಿಂದ ಚಿಗುರುವ ಕೊಂಬೆಗಳಿಗೂ ಅಂಚಿನಲ್ಲಿ ಹಲ್ಲಿರುತ್ತದೆ, ಬೆಳೆದ ಮರದಲ್ಲಿ ಅದು ಇರುವುದಿಲ್ಲ. ಎಲೆಯನ್ನೊಂದೇ ನಂಬಿ ಹೊರಟವರು ತಾಯಿಗೂ ಮಗುವಿಗೂ ಎರಡು ಹೆಸರು ಬರೆದುಬಿಡುತ್ತಾರೆ.

"ಜನವರಿಯಲ್ಲಿ ಬೋಳಾಗಿರುತ್ತಾ ಸಾರ್ ಇದು?" ಎಂದು ಯಜಮಾನರನ್ನು ಕೇಳುತ್ತೀರಿ.

"ಪೂರ್ತಿ ಬೋಳು. ಒಣಗೇ ಹೋಯ್ತು ಅಂದ್ಕೊಂಡಿದ್ದೆ. ಆಮೇಲೆ ಎಲೆ ಬರೋಕ್ಕೆ ಮುಂಚೇನೇ ಮರ ಪೂರಾ ತಿಳಿಹಸಿರು."

ಆ ತಿಳಿಹಸಿರು ಎಲೆಯದ್ದಲ್ಲ, ಎಳೆಯ ಕಾಯಿಗಳದ್ದು. ಜನವರಿ, ಫೆಬ್ರುವರಿಯ ಹೊತ್ತಿಗೆ ಬೋಳು ಕೊಂಬೆಗಳಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಹೂಗಳು ಮುತ್ತುತ್ತವೆ. ಪರಾಗ ಒಯ್ಯುವುದು ಗಾಳಿ, ದುಂಬಿಗಳನ್ನು ಕರೆಯುವ ಬಣ್ಣ ಬೇಕಿಲ್ಲ. ಎಲೆ ಅಡ್ಡವಿಲ್ಲದಿದ್ದರೆ ಗಾಳಿಗೆ ದಾರಿಯೂ ಸಲೀಸು. ಉತ್ತರ ಭಾರತದ ಊರುಗಳಲ್ಲಿ ಇದೇ ಪರಾಗ ಸೀನು, ಉಬ್ಬಸಗಳಿಗೆ ಕಾರಣವಾಗುವ ಅಲರ್ಜಿಗಳ ಪಟ್ಟಿಯಲ್ಲಿದೆ. ಹಾಗಂತ ಇದು ಹೊರಗಿನಿಂದ ತಂದು ನೆಟ್ಟದ್ದಲ್ಲ. ಬಯಲುಸೀಮೆಯ ಎಲೆಯುದುರುವ ಕಾಡುಗಳ ಮನೆಮಗ. ಮಳೆ ಕಡಿಮೆಯಾದರೂ ತಾಳುವ ಜಾತಿ.

"ಸಂಪಿಗೆಲ್ಲ ಇದೇ ಕಸ ಬೀಳುತ್ತೆ. ಕಡಿಸಿಬಿಡೋಣ ಅಂತಿದ್ದೆ" ಎನ್ನುತ್ತಾರೆ ಯಜಮಾನರು, ಈ ಸಲ ದನಿ ತಗ್ಗಿಸಿ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿಯ ಅನುಮತಿ ಬೇಕು ಎನ್ನುತ್ತೀರಿ. ಅದಕ್ಕಿಂತ ಅವರಿಗೆ ನಾಟುವ ಮಾತೆಂದರೆ ಬಿಲ್ಲೆ ಉದುರುವುದು ಬೇಸಿಗೆಯ ಕೆಲವು ವಾರ ಮಾತ್ರ, ಸಂಪಿನ ಮುಚ್ಚಳಕ್ಕೆ ಒಂದು ತುಂಡು ಸೊಳ್ಳೆಜಾಲರಿ ಹೊದಿಸಿದರೆ ಆಯಿತು ಎನ್ನುವುದು. ಜಾಲರಿ ಶೆಡ್ಡಿನಲ್ಲಿದೆ ಎಂದು ಅವರು ಒಳಗೆ ಹೋಗುತ್ತಾರೆ.

ಅಷ್ಟರಲ್ಲಿ ತಳ್ಳುಗಾಡಿಯೊಂದಿಗೆ ರಸ್ತೆ ಗುಡಿಸುವ ಹೆಂಗಸು ಈ ತಿರುವಿಗೆ ಬರುತ್ತಾಳೆ. ಕಡ್ಡಿಪೊರಕೆ ಆಡಿದಂತೆಲ್ಲ ಬಿಲ್ಲೆಗಳು ಎದ್ದು ಹಿಂದಕ್ಕೇ ಬಂದು ಕೂರುತ್ತವೆ. ಸೊಂಟಕ್ಕೆ ಕೈಕೊಟ್ಟು ನಿಂತು ನಗುತ್ತಾಳೆ.

"ಗುಡಿಸಿದ್ದೂ ಒಂದೇ, ಬಿಟ್ಟಿದ್ದೂ ಒಂದೇ ಸಾರ್. ನೀವೇನು, ಇದನ್ನ ಆಯ್ಕೋತಿದ್ದೀರಾ?"

"ಯಾವ ಮರ ಅಂತ ನೋಡ್ತಾ ಇದ್ದೆ ಅಕ್ಕ. ತಪಸಿ ಅಂತೆ."

"ಓ, ತಪಸೀನಾ? ನಮ್ಮೂರ ಗುಡ್ಡದಲ್ಲೂ ಐತೆ. ಚಿಕ್ಕೋರಿದ್ದಾಗ ಒಳಗಿನ ಬೀಜ ತಿಂತಿದ್ವಿ." ಒಂದು ಬಿಲ್ಲೆ ಎತ್ತಿ, ಎರಡು ಬೆರಳಲ್ಲಿ ಉಜ್ಜಿ, ಪೊರೆ ಊದಿ, ಬೀಜವನ್ನು ಅಂಗೈಯಲ್ಲಿಟ್ಟು ತೋರಿಸುತ್ತಾಳೆ. ನೀವು ಭೂತಗನ್ನಡಿ ಹಿಡಿದು ಮಾಡಿದ ಕೆಲಸ ಅವಳ ಬೆರಳಿಗೆ ಒಂದು ಗಳಿಗೆಯದು. ಈ ತಿರುಳು ತಿನ್ನುವಂಥದ್ದು ಎನ್ನುವುದು ಪುಸ್ತಕಗಳಲ್ಲೂ ಇದೆ.

ಆಮೇಲೆ ಏನೋ ಜ್ಞಾಪಿಸಿಕೊಂಡು ಗಾಡಿಯ ಬುಟ್ಟಿಯಲ್ಲಿ ಕೈಯಾಡಿಸುತ್ತಾಳೆ. ಕಸದೊಳಗಿಂದ ಇನ್ನೊಂದು ಬಿಲ್ಲೆ ಹೊರಬರುತ್ತದೆ. ದುಂಡಗಿದೆ, ಸುತ್ತ ರೆಕ್ಕೆಯಿದೆ, ಗಾತ್ರ ಮಾತ್ರ ದೊಡ್ಡದು.

"ಪಾರ್ಕ್ ಹತ್ರ ಇಂಥವು ಬಿದ್ದಿದ್ವು. ಇದೂ ಅದೇನಾ ಸಾರ್?"

ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತುತ್ತೀರಿ, ಬಗ್ಗುವುದಿಲ್ಲ. ತುದಿಯ ಕಚ್ಚನ್ನು ಹುಡುಕುತ್ತೀರಿ, ಇಲ್ಲ. ಚುಂಚೊಂದು ಪಕ್ಕಕ್ಕೆ ವಾಲಿದೆ. ಹೊನ್ನೆ ಎಂಬ ಹೆಸರು ನಾಲಿಗೆ ತುದಿಗೆ ಬಂದೇಬಿಡುತ್ತದೆ. ರಕ್ತಚಂದನವೂ ಅದೇ ಬಳಗದ್ದು, ಅದರ ಕಾಯಿಯೂ ಹೆಚ್ಚುಕಡಿಮೆ ಹೀಗೇ ಎಂಬುದು ಅದರ ಹಿಂದೆಯೇ ನೆನಪಾಗುತ್ತದೆ. ಹೊನ್ನೆಗೆ ಸಾಮಾನ್ಯವಾಗಿ ಐದರಿಂದ ಏಳು ಕಿರುಎಲೆ, ರಕ್ತಚಂದನಕ್ಕೆ ಹೆಚ್ಚಾಗಿ ಮೂರು. ಎಲೆ ನೋಡದೆ ತೀರ್ಮಾನವಾಗದು.

"ಅದಲ್ಲ ಅಕ್ಕ, ಇದು ಬೇರೆ. ಎಲೆ ನೋಡ್ಬೇಕು. ಪಾರ್ಕಿನ ಯಾವ ಗೇಟ್ ಹತ್ರ?"